ಹಿಡಿಕೆ ಯಾರ ಕೈಯಲ್ಲಿ?



ರಜೆಯ ದಿನಗಳು ಹತ್ತಿರವಾದಂತೆ, ಭಾನುವಾರದ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಗುರುಗಳ ಬಳಿ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ‘ಫಾದರ್, ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ? ಮನೆಯಲ್ಲಿ ಕೂಡಿಹಾಕಿದರೆ ಮೊಬೈಲು ಬಿಡುವುದಿಲ್ಲ.’ ಹೂಡಿ, ಮಹದೇವಪುರ, ವೈಟ್‌ಫೀಲ್ಡ್ ಕಡೆಯ ತಂದೆತಾಯಂದಿರಿಗೆ ಈ ಪ್ರಶ್ನೆ ಬೇರೆಯವರಿಗಿಂತ ತುಸು ಹೆಚ್ಚೇ ಕಠಿಣ. ಒಂದು ಕಾಲಕ್ಕೆ ಕೆರೆ, ಹೊಲಗಳ ಹಳ್ಳಿಯಾಗಿದ್ದ ಹೂಡಿಯ ಸುತ್ತ ಮೊದಲು ಕಾರ್ಖಾನೆಗಳು ಬಂದವು. 1990ರ ದಶಕದಲ್ಲಿ ಐಟಿಪಿಎಲ್ ಬಂತು, ಅದರ ಬೆನ್ನಿಗೆ ಕಂಪ್ಯೂಟರ್ ಕಂಪನಿಗಳು, ಅವುಗಳ ಬೆನ್ನಿಗೆ ಹತ್ತಿಪ್ಪತ್ತು ಅಂತಸ್ತಿನ ವಸತಿ ಕಟ್ಟಡಗಳು. ಇಷ್ಟೆಲ್ಲಾ ಬಂದ ಮೇಲೆ ಮಕ್ಕಳು ಓಡುವುದಕ್ಕೆ ಉಳಿದದ್ದು ಕಾರು ನಿಲ್ಲಿಸುವ ನೆಲಮಾಳಿಗೆ. ಶೀಟಿನ ಛಾವಣಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿರುವ ಕಾರ್ಮಿಕರ ಮಕ್ಕಳಿಗೆ ಅದೂ ಇಲ್ಲ.

ಆಟದ ಬಯಲು ಹೋದ ಕಡೆ ಆಟದ ಅಂಗಡಿ ಬಂದಿದೆ. ದೊಡ್ಡ ಮಾಲುಗಳ ಮೇಲಂತಸ್ತಿನಲ್ಲಿ ಗಾಜಿನ ಗೋಡೆಯೊಳಗೆ ಬಣ್ಣದ ಚೆಂಡುಗಳ ಕೊಳ, ಜಿಗಿಯುವ ಟ್ರ್ಯಾಂಪೊಲಿನ್, ಸ್ಪಂಜಿನ ಮೆಟ್ಟಿಲು, ಜಾರುಬಂಡೆ. ಗಂಟೆಯ ಲೆಕ್ಕದಲ್ಲಿ ಹಣ. ಜಾರದ ಕಾಲುಚೀಲಕ್ಕೆ ಬೇರೆ ಹಣ. ಈ ಚೆಂಡಿನ ಕೊಳಕ್ಕೂ ಒಂದು ಚರಿತ್ರೆಯಿದೆ. 1970ರ ದಶಕದಲ್ಲಿ ಎರಿಕ್ ಮ್ಯಾಕ್‌ಮಿಲನ್ ಎಂಬ ವಿನ್ಯಾಸಕಾರರು ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮನರಂಜನಾ ಉದ್ಯಾನವೊಂದಕ್ಕೆ ಇದನ್ನು ಮಾಡಿಕೊಟ್ಟರು. ಜಾಡಿಯಲ್ಲಿ ಒತ್ತೊತ್ತಾಗಿ ತುಂಬಿದ್ದ ಈರುಳ್ಳಿ ಉಪ್ಪಿನಕಾಯಿಯನ್ನು ನೋಡಿ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ನಮ್ಮ ಅಡುಗೆಮನೆಗಳಲ್ಲಿ ಎಷ್ಟು ಉಪ್ಪಿನಕಾಯಿ ಜಾಡಿಗಳಿದ್ದರೂ ನಮಗಾರಿಗೂ ಇದು ಹೊಳೆಯಲಿಲ್ಲ!

ಇಂಥ ಕಡೆ ಹಣ ಕಳೆಯುವುದು ದುಂದುಗಾರಿಕೆ, ಆ ಹೊತ್ತಿಗೆ ನಾಲ್ಕು ಮಗ್ಗಿ ಕಲಿಯಬಾರದೇ ಎಂದು ಗೊಣಗುವ ಹಿರಿಯರಿದ್ದಾರೆ. ಅವರಿಗೆ ನಾನು ಸಂತ ಥಾಮಸ್ ಅಕ್ವಿನಾಸರನ್ನು ತೋರಿಸುತ್ತೇನೆ. ಹದಿಮೂರನೆಯ ಶತಮಾನದ ಈ ಮಹಾ ದೈವಶಾಸ್ತ್ರಜ್ಞರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಆಟಕ್ಕಾಗಿಯೇ ಒಂದು ಪ್ರಶ್ನೆಯನ್ನು ಮೀಸಲಿಟ್ಟಿದ್ದಾರೆ. ದುಡಿದ ದೇಹಕ್ಕೆ ನಿದ್ರೆ ಹೇಗೋ ದುಡಿದ ಮನಸ್ಸಿಗೆ ಆಟ ಹಾಗೆ ಎಂಬುದು ಅವರ ವಾದ. ಅಲ್ಲಿ ಅವರು ಒಂದು ಹಳೆಯ ಕಥೆಯನ್ನು ಎತ್ತಿಕೊಳ್ಳುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಯೊವಾನ್ನರು ಅವರಲ್ಲಿ ಬಿಲ್ಲು ಹಿಡಿದಿದ್ದವನಿಗೆ ಬಾಣ ಬಿಡಲು ಹೇಳಿದರು. ಅವನು ಹಲವು ಬಾಣ ಬಿಟ್ಟ ಮೇಲೆ, ಹೀಗೇ ಬಿಡುವಿಲ್ಲದೆ ಬಿಡುತ್ತಿರಬಲ್ಲೆಯಾ ಎಂದು ಕೇಳಿದರು. ಬಿಲ್ಲು ಮುರಿದುಹೋದೀತು ಎಂದನಂತೆ ಅವನು. ಮನಸ್ಸೂ ಹಾಗೆಯೇ ಎಂದರು ಯೊವಾನ್ನರು. ಅಕ್ವಿನಾಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನೂ ಆಡದೆ ಆಡುವವರಿಗೂ ಅಡ್ಡಿಯಾಗುವುದು ಒಂದು ದೋಷವೇ ಎನ್ನುತ್ತಾರೆ. ಮನೆಯಲ್ಲಿ ಸದಾ ‘ಗಲಾಟೆ ಮಾಡಬೇಡಿ’ ಎನ್ನುವ ಅಪ್ಪಂದಿರು ಈ ಪುಟವನ್ನು ಓದಬೇಕು.

ಆದ್ದರಿಂದ ಆಟದ ಮನೆಯ ಮೇಲೆ ನನ್ನ ದೂರಿಲ್ಲ. ದೂರು ಇರುವುದು ಗಾಜಿನ ಗೋಡೆಯ ಈಚೆ. ಮಗು ಒಳಗೆ ಜಿಗಿಯುತ್ತಿರುತ್ತದೆ. ತಂದೆ ಹೊರಗೆ ಬೆಂಚಿನ ಮೇಲೆ ಕುಳಿತು ಫೋನು ನೋಡುತ್ತಿರುತ್ತಾರೆ. ಮಗು ಜಿಗಿದು ಮೇಲೇರಿದಾಗೆಲ್ಲ ಒಮ್ಮೆ ಇತ್ತ ನೋಡುತ್ತದೆ. ವಾರವಿಡೀ ದುಡಿದು ಬಂದ ತಂದೆಗೂ ಒಂದು ಗಂಟೆ ವಿಶ್ರಾಂತಿ ಬೇಕು, ಒಪ್ಪೋಣ. ಆದರೆ ಎಲ್ಲ ಪ್ರವಾಸವೂ ಹೀಗೇ ಆದರೆ, ಕೊಂಡುಕೊಂಡದ್ದು ಮಗುವಿನ ಸಂತೋಷವನ್ನೋ, ಮಗುವಿನಿಂದ ಬಿಡುಗಡೆಯನ್ನೋ?

ಚಮತ್ಕಾರದ ಕೋಣೆಗಳು

ಆಟದ ಮನೆಯ ಪಕ್ಕದಲ್ಲೇ ಈಚೆಗೆ ಇನ್ನೊಂದು ಬಗೆಯ ಜಾಗ ಹಲವು ನಗರಗಳಲ್ಲಿ ತಲೆಯೆತ್ತಿದೆ: ಕಣ್ಣಿಗೆ ಮೋಸ ಮಾಡುವ ‘ಭ್ರಮೆಯ ಮ್ಯೂಸಿಯಂ’. ತಲೆಕೆಳಗಾದ ಅಡುಗೆಮನೆ, ಮುಗಿಯದ ಬಾವಿಯಂತೆ ಕಾಣುವ ಕನ್ನಡಿ, ಒಂದು ಮೂಲೆಯಲ್ಲಿ ನಿಂತವರು ದೈತ್ಯರಾಗಿಯೂ ಇನ್ನೊಂದು ಮೂಲೆಯಲ್ಲಿ ನಿಂತವರು ಕುಳ್ಳರಾಗಿಯೂ ಕಾಣುವ ಕೋಣೆ. ಈ ಕೊನೆಯದನ್ನು ಯೋಚಿಸಿದವರು ಅಮೆರಿಕದ ಅಡೆಲ್ಬರ್ಟ್ ಏಮ್ಸ್. ಅವರ ಹೆಸರಿನಲ್ಲೇ ಅದು ‘ಏಮ್ಸ್ ಕೋಣೆ’. ಗುಟ್ಟು ಸರಳ. ಕೋಣೆ ಚೌಕವಾಗಿಲ್ಲ, ಒಂದು ಮೂಲೆ ನೋಡುಗರಿಂದ ಬಹಳ ದೂರದಲ್ಲಿದೆ. ನೆಲ, ಛಾವಣಿ, ಕಿಟಕಿ ಎಲ್ಲವನ್ನೂ ಓರೆಯಾಗಿ ಕಟ್ಟಿ, ಒಂದೇ ಕಿಂಡಿಯಿಂದ ಒಂದೇ ಕಣ್ಣಿನಿಂದ ನೋಡಿದಾಗ ಚೌಕವಾಗಿ ಕಾಣುವಂತೆ ಮಾಡಿರುತ್ತಾರೆ. ಕೋಣೆ ಚೌಕವಾಗಿಯೇ ಇರಬೇಕೆಂದು ನಂಬಿದ ಮನಸ್ಸು, ದೂರ ನಿಂತ ಮನುಷ್ಯನನ್ನು ಕುಳ್ಳನೆಂದು ತೀರ್ಮಾನಿಸುತ್ತದೆ. ತನ್ನ ನಂಬಿಕೆಯನ್ನು ಬಿಡುವುದಕ್ಕಿಂತ ಕಣ್ಣೆದುರಿನ ಮನುಷ್ಯನನ್ನು ಕುಗ್ಗಿಸುವುದೇ ಅದಕ್ಕೆ ಸುಲಭ. ಇದರಲ್ಲಿ ಒಂದಿಡೀ ಪ್ರಸಂಗಕ್ಕೆ ಸಾಮಗ್ರಿಯಿದೆ, ಇಂದು ಬೇಡ.

ಇಂಥ ಕಡೆ ಜನ ಮಾಡುವುದೇನು? ಸಾಲಾಗಿ ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದಿನ ಕೋಣೆಗೆ ನಡೆಯುತ್ತಾರೆ. ‘ಹೀಗೇಕೆ ಕಾಣುತ್ತದೆ?’ ಎಂದು ಕೇಳಬೇಕಾದ ಕ್ಷಣದಲ್ಲಿ ‘ಇತ್ತ ನೋಡು, ನಗು’ ಎನ್ನುತ್ತೇವೆ.

ಮುಟ್ಟಬಾರದ್ದು, ಮುಟ್ಟಬೇಕಾದದ್ದು

ಹೂಡಿಯವರಿಗೆ ಈಗ ಒಂದು ಸೌಕರ್ಯವಿದೆ. 2023ರ ಅಕ್ಟೋಬರ್ 9ರಿಂದ ಮೆಟ್ರೋ ನೇರಳೆ ಮಾರ್ಗ ನಡುವೆ ಕಡಿಯದೆ ಓಡುತ್ತಿದೆ. ಹೂಡಿ ನಿಲ್ದಾಣದಲ್ಲಿ ಹತ್ತಿದರೆ ರೈಲು ಬದಲಿಸದೆ ಹನ್ನೊಂದನೆಯ ನಿಲ್ದಾಣವಾದ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಅಲ್ಲಿಂದ ಕಸ್ತೂರಬಾ ರಸ್ತೆಗೆ ನಡಿಗೆಯ ದಾರಿ. ಆ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದ ಬಗ್ಗೆ ಹೇಳಲೆಂದೇ ನಾನು ಇಷ್ಟು ಪೀಠಿಕೆ ಹಾಕಿದ್ದು.

ಶತಾಯುಷಿ ಸರ್ ಎಂ. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಜುಲೈ 14ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಈ ಸಂಸ್ಥೆಯನ್ನು ಉದ್ಘಾಟಿಸಿದರು. ವಿದ್ಯುತ್ತಿನ ಕುರಿತ ಮೊದಲ ಗ್ಯಾಲರಿ ಸಾರ್ವಜನಿಕರಿಗೆ ತೆರೆದದ್ದು 1965ರ ಜುಲೈ 27ರಂದು. ಇದೇ ಕಸ್ತೂರಬಾ ರಸ್ತೆಯಲ್ಲಿ, ಕೆಲವೇ ಹೆಜ್ಜೆಗಳಾಚೆ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯವಿದೆ. ಅದು 1865ರಲ್ಲಿ ಸ್ಥಾಪನೆಯಾದದ್ದು. ಸರಿಯಾಗಿ ನೂರು ವರ್ಷಗಳ ಅಂತರ! ಹಳೆಯದರ ನಿಯಮ ‘ಮುಟ್ಟಬೇಡಿ’. ಹೊಸದರದ್ದು ‘ಮುಟ್ಟಿ ನೋಡಿ’. ಹಳೆಯದನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಅದರ ಸಂಗ್ರಹದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿದೆ. ಹತ್ತನೆಯ ಶತಮಾನದಲ್ಲಿ ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ಅದರ ಒಡೆಯ ನಿಲ್ಲಿಸಿದ ಕಲ್ಲು ಅದು. ನಾಯಿಗೂ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು ಎಂದು ಮಕ್ಕಳಿಗೆ ಹೇಳಿ ನೋಡಿ, ಶಾಸನ ಎಂಬ ಪದಕ್ಕೆ ಅವರು ಹೆದರುವುದಿಲ್ಲ.

ಮುಟ್ಟಿ ಕಲಿಯುವ ಕಲ್ಪನೆ ಹೊರಗಿನಿಂದ ಬಂದದ್ದು ನಿಜ. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಎಕ್ಸ್‌ಪ್ಲೊರೇಟೋರಿಯಂ’ ತೆರೆದ ಭೌತವಿಜ್ಞಾನಿ ಫ್ರಾಂಕ್ ಆಪನ್‌ಹೈಮರ್ ಅದಕ್ಕೆ ಹೆಸರುವಾಸಿ. ಅಣುಬಾಂಬಿನ ರಾಬರ್ಟ್ ಆಪನ್‌ಹೈಮರ್ ಅವರ ತಮ್ಮ. ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾನಿಲಯದ ಕೆಲಸ ಕಳೆದುಕೊಂಡು, ದನ ಸಾಕಿ, ಹಳ್ಳಿ ಶಾಲೆಯಲ್ಲಿ ಪಾಠ ಹೇಳಿದ ಅನುಭವ ಅವರ ಬೆನ್ನಿಗಿತ್ತು. ಮ್ಯೂಸಿಯಂನಲ್ಲಿ ಯಾರೂ ನಪಾಸಾಗುವುದಿಲ್ಲ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಗಿದೆ. ಆದರೆ ಅವರಿಗಿಂತ ಮುನ್ನೂರು ವರ್ಷ ಹಿಂದೆಯೇ ಒಬ್ಬ ಯೇಸುಸಭೆಯ ಗುರುಗಳು ರೋಮಿನಲ್ಲಿ ಇಂಥದೊಂದು ವಿಚಿತ್ರ ಮನೆಯನ್ನು ನಡೆಸಿದ್ದರೆಂಬುದು ನಮ್ಮಲ್ಲೇ ಹಲವರಿಗೆ ತಿಳಿದಿಲ್ಲ. ಅವರು ಅಥನೇಸಿಯಸ್ ಕಿರ್ಚರ್. 1651ರಿಂದ ರೋಮಿನ ಯೇಸುಸಭೆಯ ಕಾಲೇಜಿನಲ್ಲಿ ಅವರ ಸಂಗ್ರಹಾಲಯವಿತ್ತು. ಅಯಸ್ಕಾಂತದ ಗಡಿಯಾರ, ಕನ್ನಡಿಯ ಪೆಟ್ಟಿಗೆ, ಗೋಡೆಯೊಳಗೆ ಹುದುಗಿಸಿದ ಶಂಖಾಕಾರದ ಕೊಳವೆ. ಆ ಕೊಳವೆಯ ಒಂದು ತುದಿ ಅವರ ಕೋಣೆಯಲ್ಲಿ, ಇನ್ನೊಂದು ತುದಿ ಬೊಂಬೆಯೊಂದರಲ್ಲಿ. ಬೊಂಬೆ ಮಾತಾಡಿದಾಗ ಬಂದವರು ಬೆಚ್ಚಿಬೀಳುತ್ತಿದ್ದರು. ಕಿರ್ಚರ್ ಹೇಳಿದ್ದೆಲ್ಲ ಸರಿಯಲ್ಲ. ಈಜಿಪ್ಟಿನ ಚಿತ್ರಲಿಪಿಯನ್ನು ಓದಿದ್ದೇನೆಂದು ಅವರು ಬರೆದ ದೊಡ್ಡ ಗ್ರಂಥ ಪೂರ್ತಿ ಕಲ್ಪನೆಯೆಂದು ಮುಂದೆ ತಿಳಿಯಿತು. ಆದರೂ ಬೆರಗಿನ ಮೂಲಕ ಜನರನ್ನು ‘ಏಕೆ’ ಎಂಬ ಪ್ರಶ್ನೆಯತ್ತ ಕರೆದೊಯ್ಯಬಹುದೆಂದು ಅವರಿಗೆ ಗೊತ್ತಿತ್ತು.

ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿ ಎಂಜಿನುಗಳ ವಿಭಾಗ, ವಿದ್ಯುತ್ ವಿಭಾಗ, ಬಾಹ್ಯಾಕಾಶ ವಿಭಾಗ, ಅಲುಗಾಡಿ ಗರ್ಜಿಸುವ ಸ್ಪೈನೊಸಾರಸ್ ಎಲ್ಲವೂ ಇವೆ. ಪುಟ್ಟ ಮಕ್ಕಳು ಮೊದಲು ಈ ಪ್ರಾಣಿಗೆ ಹೆದರಿ, ಆಮೇಲೆ ಅದರ ಬಳಿಯಿಂದ ಏಳುವುದೇ ಇಲ್ಲ. ಅವಸರ ಮಾಡಬೇಡಿ. ರೈಟ್ ಸಹೋದರರ ವಿಮಾನದ ನಿಜ ಅಳತೆಯ ಪ್ರತಿಕೃತಿಯ ಎದುರು ಮಾತ್ರ ಎಲ್ಲರೂ ಐದು ನಿಮಿಷ ನಿಲ್ಲಿ ಎಂದು ನನ್ನ ಬಿನ್ನಹ. 1903ರ ಡಿಸೆಂಬರ್ 17ರಂದು ಅದು ಮೊದಲು ಹಾರಿದ್ದು 12 ಸೆಕೆಂಡು, 120 ಅಡಿ. ಅದರ ಬೇರು ಇರುವುದು ಒಂದು ಆಟಿಕೆಯಲ್ಲಿ. 1878ರಲ್ಲಿ ಅವರ ತಂದೆ ಮಿಲ್ಟನ್ ರೈಟ್ (ಪ್ರಾಟೆಸ್ಟೆಂಟ್ ಸಭೆಯೊಂದರ ಬಿಷಪರು) ಊರಿಂದ ಬರುವಾಗ ಬೆಂಡು, ಬಿದಿರು, ಕಾಗದ, ರಬ್ಬರ್ ಪಟ್ಟಿಯ ಒಂದು ಹಾರುವ ಆಟಿಕೆಯನ್ನು ತಂದುಕೊಟ್ಟರು. ಹುಡುಗರು ಅದನ್ನು ಮುರಿಯುವವರೆಗೆ ಆಡಿದರು; ಮುರಿದ ಮೇಲೆ ತಾವೇ ಇನ್ನೊಂದನ್ನು ಮಾಡಿದರು. ಆಟಿಕೆ ಮುರಿದದ್ದಕ್ಕೆ ಆ ತಂದೆ ಬೆತ್ತ ಹಿಡಿದಿದ್ದರೆ ಏನಾಗುತ್ತಿತ್ತೋ!

ಆ ಮನೆಯಲ್ಲಿ ಕ್ಯಾಥರೀನ್ ಎಂಬ ತಂಗಿಯೂ ಇದ್ದಳು. ಆಟಿಕೆ ಬಂದಾಗ ಅವಳಿನ್ನೂ ನಾಲ್ಕು ವರ್ಷದವಳು. ಮುಂದೆ ಒಡಹುಟ್ಟಿದವರಲ್ಲೆಲ್ಲ ಕಾಲೇಜು ಪದವಿ ಪಡೆದವಳು ಅವಳೊಬ್ಬಳೇ, 1898ರಲ್ಲಿ. ಅಣ್ಣಂದಿರ ಹೆಸರು ಜಗತ್ತಿಗೆಲ್ಲ ಗೊತ್ತು.

ಮಗನಿಗೆ ವಿವರಣೆ, ಮಗಳಿಗೆ ಚೀಲ

ಈ ಲೇಖನದ ಮುಖ್ಯ ಮಾತಿಗೆ ಈಗ ಬರುತ್ತೇನೆ.

ವಿಜ್ಞಾನದ ಆಟಗಳಿರುವ ಯಾವುದೇ ಸಭಾಂಗಣದಲ್ಲಿ ಒಂದು ಮೂಲೆಯಲ್ಲಿ ಸುಮ್ಮನೆ ಅರ್ಧ ಗಂಟೆ ನಿಂತು ಕುಟುಂಬಗಳನ್ನು ಗಮನಿಸಿ. ಧರ್ಮೋಪದೇಶ ತರಗತಿಯ ಮಕ್ಕಳೊಡನೆ ಇಂಥ ಕಡೆ ಹೋದಾಗ ನಾನು ನೋಡಿದ್ದೇನೆ. ಹಿಡಿಕೆ ತಿರುಗಿಸುವವನು ಮಗ. ಪಕ್ಕದಲ್ಲಿ ನಿಂತು ‘ನೋಡಪ್ಪಾ, ಇದು ತಿರುಗಿದಾಗ ಕರೆಂಟು ಹುಟ್ಟುತ್ತದೆ’ ಎನ್ನುವವರು ತಂದೆ. ಅಕ್ಕನೋ ತಂಗಿಯೋ ನೀರಿನ ಬಾಟಲಿಯ ಚೀಲ ಹಿಡಿದು ಹಿಂದೆ ನಿಂತಿರುತ್ತಾಳೆ, ಇಲ್ಲವೇ ಕೈಗೂಸನ್ನು ಎತ್ತಿಕೊಂಡಿರುತ್ತಾಳೆ. ಯಾರೂ ಅವಳನ್ನು ತಡೆದಿಲ್ಲ. ಯಾರೂ ಕರೆದೂ ಇಲ್ಲ.

ಇದು ನನ್ನ ಕಲ್ಪನೆಯಲ್ಲ, ನಮ್ಮ ದೇಶದ ರೋಗ ಮಾತ್ರವೂ ಅಲ್ಲ. ಕ್ಯಾಲಿಫೋರ್ನಿಯಾದ ಮಕ್ಕಳ ಮ್ಯೂಸಿಯಂ ಒಂದರಲ್ಲಿ ಸಂಶೋಧಕರು ಕುಟುಂಬಗಳ ಮಾತುಕತೆಯನ್ನು ದಾಖಲಿಸಿಕೊಂಡು 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರವನ್ನು ಹೇಗೆ ಬಳಸಬೇಕೆಂದು ತಂದೆತಾಯಂದಿರು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಹೆಚ್ಚುಕಡಿಮೆ ಸಮನಾಗಿಯೇ ಹೇಳುತ್ತಿದ್ದರು. ಆದರೆ ಅದು ಏಕೆ ಹಾಗೆ ಆಗುತ್ತದೆಂಬ ವಿವರಣೆಯನ್ನು ಗಂಡುಮಕ್ಕಳಿಗೆ ಮೂರು ಪಟ್ಟು ಹೆಚ್ಚು ಸಲ ಕೊಟ್ಟಿದ್ದರು. ತಾಯಂದಿರೂ ಹಾಗೆಯೇ ಮಾಡಿದ್ದರು. ಬೇಕೆಂದೇ ಭೇದ ಮಾಡಿದವರು ಅವರಲ್ಲಿ ಎಷ್ಟು ಮಂದಿ ಇದ್ದಾರು? ಟಿಕೇಟು ಇಬ್ಬರಿಗೂ ಒಂದೇ, ಪ್ರೀತಿಯೂ ಒಂದೇ. ‘ಏಕೆ’ ಎಂಬುದು ಮಾತ್ರ ಒಬ್ಬರ ಪಾಲಿಗೆ.

ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ನಾಳೆ ಐಟಿ ಕಂಪನಿಗಳಲ್ಲೋ ಕಾರ್ಖಾನೆಗಳಲ್ಲೋ ಯಂತ್ರಗಳ ನಡುವೆಯೇ ದುಡಿಯಲಿದ್ದಾರೆ. ಯಂತ್ರವನ್ನು ಬಳಸುವವಳಾಗಿ ಮಾತ್ರವೋ, ಅದು ಹೀಗೇಕೆ ಎಂದು ಕೇಳಬಲ್ಲವಳಾಗಿಯೋ? ಇದು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ತೀರ್ಮಾನವಾಗುವುದಕ್ಕೆ ಬಹಳ ಮುಂಚೆ, ಐದಾರು ವರ್ಷದವಳ ಕೈಗೆ ಹಿಡಿಕೆ ಬಂತೋ ಚೀಲ ಬಂತೋ ಎಂಬಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಸ್ಪರ್ಶದ ವಿಷಯದಲ್ಲೂ ಅಕ್ವಿನಾಸರು ಒಂದು ಸೊಗಸಾದ ಮಾತು ಹೇಳಿದ್ದಾರೆ. ಇಂದ್ರಿಯಗಳಲ್ಲೆಲ್ಲ ಸ್ಪರ್ಶವೇ ತಳಹದಿ. ಮನುಷ್ಯರಲ್ಲಿ ಯಾರ ಸ್ಪರ್ಶ ಸೂಕ್ಷ್ಮವೋ ಅವರ ಬುದ್ಧಿಯೂ ಸೂಕ್ಷ್ಮ ಎಂದು ಅರಿಸ್ಟಾಟಲನನ್ನು ಅನುಸರಿಸಿ ಅವರು ವಾದಿಸುತ್ತಾರೆ. ಸೆಮಿನರಿಯಲ್ಲಿ ನಮಗಿದು ಪರೀಕ್ಷೆಯ ಪ್ರಶ್ನೆಯಾಗಿತ್ತು. ಇದರ ಅರ್ಥವನ್ನು ತಿಳಿಯಬೇಕಾದರೆ, ತಿರುಗುವ ಪೀಠದ ಮೇಲೆ ಕುಳಿತು ಚಾಚಿದ ಕೈಗಳನ್ನು ಎದೆಗೆ ಎಳೆದುಕೊಂಡ ಕೂಡಲೇ ತನ್ನ ವೇಗ ಹೆಚ್ಚಿದ್ದನ್ನು ಅನುಭವಿಸಿದ ಮಗುವಿನ ಮುಖವನ್ನು ನೋಡಬೇಕು. ಸೂತ್ರವನ್ನು ಆಮೇಲೆ ಶಾಲೆ ಕಲಿಸುತ್ತದೆ. ಕಲಿಸುವಾಗ ಆ ಮಗುವಿನ ಹೊಟ್ಟೆಯಲ್ಲೇ ಅದರ ನೆನಪಿರುತ್ತದೆ.

ಹಾಗಾದರೆ ದೊಡ್ಡವರು ಏನು ಮಾಡಬೇಕು? ‘ಫಾದರ್, ನಾನು ಏಳನೇ ಕ್ಲಾಸು, ನನಗೇ ಗೊತ್ತಿಲ್ಲ, ಏನು ವಿವರಿಸಲಿ?’ ಎಂದು ಕೇಳುವ ತಾಯಂದಿರಿದ್ದಾರೆ. ಅಮ್ಮಾ, ಗೊತ್ತಿಲ್ಲದಿರುವುದು ಇಲ್ಲಿ ಅಡ್ಡಿಯಲ್ಲ. ಗುಂಡಿ ಒತ್ತುವ ಮುನ್ನ ‘ಏನಾಗಬಹುದು ಹೇಳು’ ಎಂದು ಕೇಳಿ. ಒತ್ತಿದ ಮೇಲೆ ‘ನೀನು ಹೇಳಿದಂತೆ ಆಯಿತಾ?’ ಎಂದು ಕೇಳಿ. ಆಗದಿದ್ದರೆ ‘ಯಾಕೋ?’ ಎಂದು ಕೇಳಿ, ಸುಮ್ಮನೆ ಕಾಯಿರಿ. ಕಾಯುವುದೇ ಕಷ್ಟ. ಓದಿದ ತಂದೆಯರು ಮೂರನೆಯ ಸೆಕೆಂಡಿಗೇ ಉತ್ತರ ಹೇಳಿಬಿಡುತ್ತಾರೆ. ಈ ಒಂದು ವಿಷಯದಲ್ಲಿ ಏಳನೇ ಕ್ಲಾಸಿನ ತಾಯಿಯೇ ಮೇಲು. ಒಂದು ದಿನಕ್ಕೆ ಎಲ್ಲ ಮಹಡಿಗಳನ್ನೂ ಮುಗಿಸುವ ಹಟವೂ ಬೇಡ. ನಾಲ್ಕು ಆಟಗಳನ್ನು ಹತ್ತತ್ತು ಸಲ ಆಡಿದ ಮಗು, ನಲವತ್ತು ಗುಂಡಿಗಳನ್ನು ಒತ್ತಿ ಓಡಿದ ಮಗುವಿಗಿಂತ ಹೆಚ್ಚು ಕಂಡಿರುತ್ತದೆ. ಮಾತಿಗೆ ಹಿಂಜರಿಯುವ ಮಗುವಿದ್ದರೆ ಪಿಸುಮಾತಿನ ಬಟ್ಟಲುಗಳಿರುವ ಕಡೆ ಕರೆದೊಯ್ಯಿರಿ. ದೂರದಲ್ಲಿ ಎದುರುಬದುರಾಗಿ ನಿಲ್ಲಿಸಿದ ಎರಡು ದೊಡ್ಡ ಬಾಗು ತಟ್ಟೆಗಳವು. ಒಂದರ ನಾಭಿಯಲ್ಲಿ ಪಿಸುಗುಟ್ಟಿದ ಮಾತು ತಟ್ಟೆಗೆ ಬಡಿದು ಚದುರದೆ ನೇರ ಸಾಗಿ, ಎದುರಿನ ತಟ್ಟೆಯ ನಾಭಿಯಲ್ಲಿ ಮತ್ತೆ ಒಂದುಗೂಡುತ್ತದೆ. ನಡುವೆ ನೂರು ಜನ ಗದ್ದಲ ಮಾಡಿದರೂ ಕೇಳುತ್ತದೆ. ಎದುರಿಗೆ ಹೇಳಲಾರದ್ದನ್ನು ಮಕ್ಕಳು ಅಲ್ಲಿ ಹೇಳಿದ್ದುಂಟು; ನೀವು ಆ ತುದಿಯಲ್ಲಿ ಕಿವಿಗೊಟ್ಟು ನಿಂತಿರಬೇಕು, ಅಷ್ಟೇ.

ಬೆಂಗಳೂರಿನ ಆಚೆಯ ವಾಚಕರು ಬೇಸರಿಸಬೇಕಾಗಿಲ್ಲ. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ, ಮಂಗಳೂರಿನವರಿಗೆ ಪಿಲಿಕುಳದ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಬೆಂಗಳೂರಿನಲ್ಲೇ ಸಂಗೀತದ ಒಲವಿರುವ ಮನೆಯವರು ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಭಾರತೀಯ ಸಂಗೀತದ ಮ್ಯೂಸಿಯಂಗೆ ಹೋಗಬಹುದು. ಅಲ್ಲಿನ ನಾದದ ತೋಟದಲ್ಲಿ ಕಲ್ಲು, ಲೋಹಗಳನ್ನು ಮಕ್ಕಳೇ ಬಡಿದು ನುಡಿಸಬಹುದು. ಎಲ್ಲಿಗೇ ಹೋಗುವುದಿದ್ದರೂ ತೆರೆಯುವ ವೇಳೆ, ಶುಲ್ಕಗಳನ್ನು ಮುಂಚೆ ವಿಚಾರಿಸಿಕೊಳ್ಳಿ. ಶಾಲಾ ಪ್ರವಾಸದ ಬಸ್ಸುಗಳು ಬರುವ ದಿನ ತಪ್ಪಿಸಿದರೆ ಒಳ್ಳೆಯದು.

ಮೆಟ್ರೋ ಖರ್ಚೂ ಈ ತಿಂಗಳು ಕಷ್ಟವೆನ್ನುವ ಮನೆಯವರಿಗೆ, ಮನೆಯಲ್ಲೇ ಮಾಡಬಹುದಾದ ಒಂದು ಆಟ ಹೇಳುತ್ತೇನೆ. ಇಂಗ್ಲೆಂಡಿನ ಭೂಮಾಪಕ ವಿಲಿಯಂ ಲೇಬೋರ್ನ್ ಇದನ್ನು 1694ರಲ್ಲೇ ಬರೆದಿಟ್ಟಿದ್ದಾನೆ. ಇಂದಿಗೂ ವಿಜ್ಞಾನ ಕೇಂದ್ರಗಳಲ್ಲಿ ಜನ ಇದರ ಸುತ್ತ ಗುಂಪುಗೂಡುತ್ತಾರೆ. ಸೀಮೆಎಣ್ಣೆಯ ಕಾಲದ ಎರಡು ಪ್ಲಾಸ್ಟಿಕ್ ಆಲಿಕೆಗಳು ಮನೆಯ ಮೂಲೆಯಲ್ಲಿ ಸಿಕ್ಕಾವು. ಇಲ್ಲವಾದರೆ ಒಂದೇ ಅಳತೆಯ ಎರಡನ್ನು ಕೊಳ್ಳಿ. ಅವುಗಳ ಅಗಲ ಬಾಯಿಗಳನ್ನು ಒಂದಕ್ಕೊಂದು ಸೇರಿಸಿ ಅಂಟುಪಟ್ಟಿ ಸುತ್ತಿ. ಎರಡು ಉದ್ದನೆಯ ಕೋಲುಗಳನ್ನು, ಒಂದು ತುದಿಯಲ್ಲಿ ಕೂಡಿಸಿ ಇನ್ನೊಂದು ತುದಿಯಲ್ಲಿ ಬಿಡಿಸಿ, ಅಡಕತ್ತರಿ ಬಾಯಿ ತೆರೆದಂತೆ ಇಡಿ. ಕೂಡಿದ ತುದಿ ತಗ್ಗಿನಲ್ಲಿರಲಿ. ಅಗಲವಾದ ತುದಿಯ ಕೆಳಗೆ ಒಂದೆರಡು ತೆಳು ಪುಸ್ತಕವಿಟ್ಟು ಎತ್ತರಿಸಿ. ಆಲಿಕೆ ಜೋಡಿಯನ್ನು ತಗ್ಗಿನ ತುದಿಯಲ್ಲಿಟ್ಟು ಕೈ ಬಿಡಿ. ಅದು ಕೆಳಗುರುಳದೆ ಏರಿನತ್ತ ಉರುಳಿಕೊಂಡು ಹೋಗುತ್ತದೆ!

ಅದು ನಿಜವಾಗಿ ಏರುತ್ತಿಲ್ಲ. ಕೋಲುಗಳು ಅಗಲವಾದಂತೆ ಆಲಿಕೆಯ ಸಪೂರವಾದ ತುದಿಗಳು ಅವುಗಳ ಮೇಲೆ ಕೂರುತ್ತವೆ, ದಪ್ಪ ನಡು ಅವುಗಳ ನಡುವೆ ಇಳಿಯುತ್ತಾ ಹೋಗುತ್ತದೆ. ಪಕ್ಕದಿಂದ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಿದರೆ ನಡುಭಾಗ ಕೆಳಗೇ ಸಾಗುತ್ತಿರುವುದು ಕಾಣುತ್ತದೆ. ಆದರೆ ಇದನ್ನು ನೀವು ಮೊದಲೇ ಹೇಳಿಬಿಡಬೇಡಿ. ಕೋಲುಗಳನ್ನು ಮಗಳ ಕೈಗೆ ಕೊಡಿ. ಪುಸ್ತಕ ಹೆಚ್ಚಾದರೆ ಆಲಿಕೆ ಹಿಂದಕ್ಕೇ ಉರುಳುತ್ತದೆ; ಕೋಲುಗಳನ್ನು ಇನ್ನಷ್ಟು ಅಗಲಿಸಿದರೆ ಮತ್ತೆ ಮುಂದಕ್ಕೆ ಹೋದೀತು. ಎಷ್ಟು ಅಗಲಕ್ಕೆ ಎಷ್ಟು ಪುಸ್ತಕ ಎಂಬುದನ್ನು ಅವಳೇ ಕಂಡುಹಿಡಿಯಲಿ. ತಮ್ಮ ಅಲ್ಲಿಯವರೆಗೆ ಪುಸ್ತಕಗಳನ್ನು ಹಿಡಿದುಕೊಂಡು ನಿಂತಿರಲಿ.